ಕಣ್ಣೀರಿನಲ್ಲಿ ಕಂಡ ಕಿಣ್ವ

ಕಣ್ಣಿನೊಳಗೆ ಧೂಳಿನ ಕಣವೊಂದು ಬಿದ್ದರೆ ಕೂಡಲೇ ನೀರು ತುಂಬಿಕೊಳ್ಳುತ್ತದೆ. ನೆಗಡಿಯಾದಾಗ ಮೂಗು ಸುರಿಯುತ್ತದೆ. ಬಾಯಿಯಲ್ಲಿ ಜೊಲ್ಲು ಸದಾ ಊರುತ್ತಲೇ ಇರುತ್ತದೆ. ಇವುಗಳನ್ನು ಕಂಡು ಮುಖ ಸಿಂಡರಿಸುವವರೇ ಹೆಚ್ಚು. ಇವುಗಳಲ್ಲಿ ಆಲೋಚಿಸತಕ್ಕದ್ದು ಏನಾದರೂ ಇದೆಯೆಂದು ಬಗೆಯುವವರು ವಿರಳ. ಆದರೆ ಗಾಳಿಯಲ್ಲಿಯೂ ನೀರಿನಲ್ಲಿಯೂ ಮಣ್ಣಿನಲ್ಲಿಯೂ ಅಸಂಖ್ಯಾತ ಸೂಕ್ಷ್ಮಜೀವಿಗಳು ತುಂಬಿಕೊಂಡಿರುವಾಗ, ಸದಾ ಒದ್ದೆಯಾಗಿರುವ ನಮ್ಮ ಕಣ್ಣು, ಮೂಗು, ಬಾಯಿಗಳು ಕೊಳೆತುಹೋಗದೆ ಉಳಿದಿರುವುದು ಹೇಗೆ? ಈ ಪ್ರಶ್ನೆಯ ಉತ್ತರದ ಒಂದು ಮುಖ್ಯ ಎಳೆಯನ್ನು ಹಿಡಿದವನು ಅಲೆಕ್ಸಾಂಡರ್ ಫ್ಲೆಮಿಂಗ್. ಪೆನಿಸಿಲಿನ್ನನ್ನು ಕಂಡುಹಿಡಿದವನೆಂದು ಲೋಕವೆಲ್ಲ ಅವನನ್ನು ಬಲ್ಲದು. ಅದಕ್ಕೆ ಏಳು ವರ್ಷ ಮೊದಲು ಅವನು ಕಂಡ ಲೈಸೊಜೈಮ್ ಎಂಬ ಕಿಣ್ವದ ಕಥೆಯನ್ನು ಬಲ್ಲವರು ಕಡಿಮೆ. ಆ ಮೊದಲ ಕಥೆಯಿಲ್ಲದೆ ಎರಡನೆಯದು ಪೂರ್ಣವಾಗುವುದಿಲ್ಲ.

ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತ್ಯದಲ್ಲಿ ಡಾರ್ವೆಲ್ ಎಂಬ ಚಿಕ್ಕ ಪಟ್ಟಣವಿದೆ. ಅದರ ಸಮೀಪದ ಲಾಕ್‌ಫೀಲ್ಡ್ ಎಂಬ ಹೊಲಮನೆಯಲ್ಲಿ 1881ನೆಯ ಇಸವಿ ಆಗಸ್ಟ್ 6ರಂದು ಫ್ಲೆಮಿಂಗ್ ಜನಿಸಿದನು. ತಂದೆ ಹ್ಯೂ ಫ್ಲೆಮಿಂಗ್ ಒಕ್ಕಲುತನದಿಂದ ಜೀವಿಸುತ್ತಿದ್ದವನು. ತಾಯಿ ಗ್ರೇಸ್ ಅವನ ಎರಡನೆಯ ಪತ್ನಿ. ಮೊದಲನೆಯ ಹೆಂಡತಿಯ ಮಕ್ಕಳೂ ಎರಡನೆಯವಳ ಮಕ್ಕಳೂ ಒಂದೇ ಸೂರಿನ ಕೆಳಗೆ ಬೆಳೆದರು. ಅಲೆಕ್ಸಾಂಡರನಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡನು. ಮನೆಯ ಭಾರ ತಾಯಿಯ ಮೇಲೂ ಹಿರಿಯ ಮಗನ ಮೇಲೂ ಬಿದ್ದಿತು. ತಾಯಿ ಮಲಮಕ್ಕಳಲ್ಲಿ ಭೇದವೆಣಿಸದೆ ಎಲ್ಲರನ್ನೂ ಒಂದಾಗಿ ಸಾಕಿದಳು.

ಮಕ್ಕಳು ಶಾಲೆಗೆ ನಡೆದೇ ಹೋಗಬೇಕಾಗಿತ್ತು. ಸ್ವಲ್ಪ ದೊಡ್ಡವನಾದ ಮೇಲೆ ಡಾರ್ವೆಲ್ಲಿನ ಶಾಲೆಗೆ ಹೋಗಲು ಅಲೆಕ್ಸಾಂಡರ್ ನಾಲ್ಕು ಮೈಲಿ ನಡೆದು, ಸಂಜೆ ಮತ್ತೆ ನಾಲ್ಕು ಮೈಲಿ ನಡೆದು ಹಿಂದಿರುಗುತ್ತಿದ್ದನು. ಚಳಿಗಾಲದ ಮುಂಜಾನೆಗಳಲ್ಲಿ ತಾಯಿ ಮಕ್ಕಳ ಕೈಗೆ ಬಿಸಿಬಿಸಿಯಾದ ಬೇಯಿಸಿದ ಆಲೂಗಡ್ಡೆಗಳನ್ನು ಕೊಡುತ್ತಿದ್ದಳು. ದಾರಿಯುದ್ದಕ್ಕೂ ಅವು ಕೈಗಳನ್ನು ಬೆಚ್ಚಗಿಡುತ್ತಿದ್ದವು; ಶಾಲೆ ಸೇರಿದ ಮೇಲೆ ಹೊಟ್ಟೆಗೂ ಆಗುತ್ತಿದ್ದವು. ಹಳ್ಳದ ಮೀನು, ಬಯಲಿನ ಮೊಲ, ಪೊದೆಯೊಳಗಿನ ಹಕ್ಕಿಗೂಡು ಇವುಗಳೆಲ್ಲ ಆ ದಾರಿಯಲ್ಲಿ ದೊರೆತ ಪಾಠಗಳು. ಕಣ್ಣಿಗೆ ಬಿದ್ದುದನ್ನು ಕಡೆಗಣಿಸದೆ ನಿಂತು ನೋಡುವ ಅಭ್ಯಾಸ ಅಲ್ಲಿಯೇ ಬೇರೂರಿತು.

ಕಿಲ್ಮಾರ್ನಾಕ್ ಪಟ್ಟಣದಲ್ಲಿ ಕೆಲಕಾಲ ಓದಿದ ಮೇಲೆ ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಅಲೆಕ್ಸಾಂಡರ್ ಲಂಡನ್ ನಗರವನ್ನು ಸೇರಿದನು. ಅಣ್ಣ ಟಾಮ್ ಅಲ್ಲಿ ವೈದ್ಯನಾಗಿದ್ದನು. ರೀಜೆಂಟ್ ಸ್ಟ್ರೀಟಿನ ಪಾಲಿಟೆಕ್ನಿಕ್ಕಿನಲ್ಲಿ ವಿದ್ಯಾಭ್ಯಾಸವನ್ನು ಮುಂದುವರಿಸಿದನು. ಆದರೆ ಮನೆಯ ಪರಿಸ್ಥಿತಿಯಲ್ಲಿ ಮುಂದಿನ ಓದು ಸಾಧ್ಯವಾಗಿರಲಿಲ್ಲ. ಹಡಗು ಕಂಪನಿಯೊಂದರ ಕಚೇರಿಯಲ್ಲಿ ಗುಮಾಸ್ತನಾಗಿ ನಾಲ್ಕು ವರ್ಷ ಲೆಕ್ಕಪತ್ರ ಬರೆದನು. ಆ ಕೆಲಸ ಅವನಿಗೆ ಒಗ್ಗಲಿಲ್ಲ. ಆದರೂ ಗೊಣಗದೆ ಮಾಡಿದನು. 1901ರಲ್ಲಿ ಚಿಕ್ಕಪ್ಪನೊಬ್ಬನ ಆಸ್ತಿಯಲ್ಲಿ 250 ಪೌಂಡು ಅವನ ಪಾಲಿಗೆ ಬಂದಿತು. ಆ ಹಣವನ್ನು ವೈದ್ಯವಿದ್ಯೆಗೆ ವಿನಿಯೋಗಿಸುವಂತೆ ಅಣ್ಣ ಸಲಹೆಯಿತ್ತನು. ಲಂಡನ್ನಿನಲ್ಲಿ ಅನೇಕ ವೈದ್ಯಶಾಲೆಗಳಿದ್ದವು. ಅವುಗಳಲ್ಲಿ ಪ್ಯಾಡಿಂಗ್ಟನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಶಾಲೆಯನ್ನು ಅವನು ಆರಿಸಿಕೊಂಡುದಕ್ಕೆ ಕಾರಣ ವಿಚಿತ್ರವಾದುದು. ಆ ಶಾಲೆಯ ತಂಡದ ವಿರುದ್ಧ ಅವನು ಹಿಂದೊಮ್ಮೆ ನೀರಿನಲ್ಲಿ ಆಡುವ ಪೋಲೋ ಪಂದ್ಯವನ್ನಾಡಿದ್ದನು. ಬೇರೆ ಯಾವ ಶಾಲೆಯೂ ಅವನಿಗೆ ಪರಿಚಿತವಾಗಿರಲಿಲ್ಲ.

ಅಲ್ಲಿಯೇ ಉಳಿಯುವುದಕ್ಕೂ ಅಂತಹುದೇ ಒಂದು ಕಾರಣ ಒದಗಿತು. 1906ರಲ್ಲಿ ಅವನು ವೈದ್ಯ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಗುರಿಯಿಟ್ಟು ಬಂದೂಕು ಹೊಡೆಯುವುದರಲ್ಲಿ ಅವನು ನಿಪುಣ. ಇಂತಹ ಗುರಿಕಾರನನ್ನು ಕಳೆದುಕೊಳ್ಳಬಾರದೆಂದು ಶಾಲೆಯ ಬಂದೂಕು ತಂಡದ ನಾಯಕನು ಪ್ರಯತ್ನಿಸಿ, ಸರ್ ಆಲ್ಮ್ರಾತ್ ರೈಟ್ ನಡೆಸುತ್ತಿದ್ದ ಸಂಶೋಧನಾ ವಿಭಾಗದಲ್ಲಿ ಅವನಿಗೆ ಸ್ಥಳ ದೊರಕಿಸಿಕೊಟ್ಟನು. ರೈಟ್ ವಿಷಮಶೀತ ಜ್ವರಕ್ಕೆ ಲಸಿಕೆ ಸಿದ್ಧಪಡಿಸಿ ಖ್ಯಾತನಾಗಿದ್ದ ಪಂಡಿತ, ಮಾತಿನ ಮಲ್ಲ. ಶಿಷ್ಯನಾದ ಫ್ಲೆಮಿಂಗನೋ ಮಿತಭಾಷಿ. ಗುರು ಹಗಲಿರುಳು ವಾದಿಸುತ್ತಿದ್ದರೆ ಶಿಷ್ಯ ಮೌನವಾಗಿ ಕೇಳುತ್ತ ತನ್ನ ಗಾಜಿನ ತಟ್ಟೆಗಳನ್ನು ನೋಡುತ್ತಿದ್ದನು. ಹೀಗೆ ಆರಂಭವಾದ ಸಂಬಂಧ ಕೊನೆಯವರೆಗೂ ಕಡಿಯಲಿಲ್ಲ. ಫ್ಲೆಮಿಂಗನ ವೈಜ್ಞಾನಿಕ ಜೀವನವೆಲ್ಲ ಆ ಒಂದೇ ಆಸ್ಪತ್ರೆಯನ್ನು ಆಶ್ರಯಿಸಿ ನಡೆಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಫ್ಲೆಮಿಂಗ್ ಸೈನ್ಯದ ವೈದ್ಯದಳದಲ್ಲಿ ಅಧಿಕಾರಿಯಾಗಿ ರೈಟನೊಡನೆ ಫ್ರಾನ್ಸಿನ ಬೂಲೋನ್ ನಗರಕ್ಕೆ ಹೋದನು. ಜೂಜಿನ ವಿಹಾರಗೃಹವೊಂದು ಅಲ್ಲಿ ಆಸ್ಪತ್ರೆಯಾಗಿ ಮಾರ್ಪಟ್ಟಿದ್ದಿತು. ರಣರಂಗದಿಂದ ಗಾಯಾಳುಗಳು ತಂಡತಂಡವಾಗಿ ಬರುತ್ತಿದ್ದರು. ಗುಂಡಿನ ಏಟಿನಿಂದ ಬದುಕಿ ಉಳಿದವರು ಗಾಯ ನಂಜೇರಿ ಸಾಯುತ್ತಿದ್ದರು. ವೈದ್ಯರು ಅಂದಿನ ಪದ್ಧತಿಯಂತೆ ಗಾಯಗಳಿಗೆ ಉಗ್ರವಾದ ನಂಜುನಾಶಕಗಳನ್ನು ಸುರಿಯುತ್ತಿದ್ದರು. ಆದರೂ ಸಾವು ನಿಲ್ಲಲಿಲ್ಲ.

ಇದೇಕೆ ಹೀಗೆ ಎಂಬುದನ್ನು ಫ್ಲೆಮಿಂಗ್ ಪರೀಕ್ಷಿಸಿದನು. ಗಾಜಿನ ಪ್ರನಾಳವೊಂದನ್ನು ಕಾಯಿಸಿ, ಅದರ ಮೈಯಿಂದ ಮುಳ್ಳುಗಳಂತಹ ಟೊಳ್ಳು ಚಾಚುಗಳನ್ನು ಎಳೆದು, ಯುದ್ಧದ ಗಾಯದ ಮಾದರಿಯೊಂದನ್ನು ತಯಾರಿಸಿದನು. ರೋಗಾಣುಗಳಿದ್ದ ದ್ರವವನ್ನು ಅದರಲ್ಲಿ ತುಂಬಿ ಚೆಲ್ಲಿದನು; ಬಳಿಕ ನಂಜುನಾಶಕವನ್ನು ತುಂಬಿ ಚೆಲ್ಲಿದನು; ಕೊನೆಗೆ ಶುದ್ಧವಾದ ದ್ರವವನ್ನು ತುಂಬಿಟ್ಟನು. ಮರುದಿನ ನೋಡಿದರೆ ರೋಗಾಣುಗಳು ಮತ್ತೆ ಬೆಳೆದಿದ್ದವು. ಸಂದುಗೊಂದುಗಳಲ್ಲಿ ಅಡಗಿದ್ದವುಗಳನ್ನು ಔಷಧ ಮುಟ್ಟಿರಲಿಲ್ಲ. ಅಷ್ಟೇ ಅಲ್ಲ, ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳನ್ನು ಆ ಔಷಧಗಳೇ ಮೊದಲು ಕೊಲ್ಲುತ್ತಿದ್ದವು. ಶತ್ರುವನ್ನು ಹೊಡೆಯಲು ಹೋಗಿ ಕೋಟೆಯ ಕಾವಲುಗಾರರನ್ನೇ ಹೊಡೆದಂತೆ ಆಗುತ್ತಿದ್ದಿತು. ಈ ಫಲಿತಾಂಶವನ್ನು ಅವನು ಪ್ರಕಟಿಸಿದನು. ಆದರೆ ರೂಢಿಯನ್ನು ಬಿಡಲು ಅನೇಕ ವೈದ್ಯರು ಸಿದ್ಧರಾಗಲಿಲ್ಲ. ಕಣ್ಣೆದುರಿಗೆ ಸಾಯುತ್ತಿದ್ದ ತರುಣರನ್ನು ಉಳಿಸಲಾರದೆ ಫ್ಲೆಮಿಂಗ್ ನೊಂದನು. ದೇಹದ ಕಣಗಳಿಗೆ ಹಾನಿಮಾಡದೆ ರೋಗಾಣುಗಳನ್ನು ಮಾತ್ರ ಅಳಿಸುವ ವಸ್ತುವೊಂದು ಬೇಕು ಎಂಬ ಹಂಬಲ ಅವನ ಮನಸ್ಸಿನಲ್ಲಿ ನೆಲೆಗೊಂಡಿತು. ಈ ನಡುವೆ 1915ರಲ್ಲಿ ಅವನು ಐರ್ಲೆಂಡಿನ ದಾದಿ ಸಾರಾ ಮ್ಯಾಕೆಲ್‌ರಾಯ್ ಎಂಬಾಕೆಯನ್ನು ಮದುವೆಯಾದನು.

ಯುದ್ಧ ಮುಗಿದ ಮೇಲೆ ಫ್ಲೆಮಿಂಗ್ ಪುನಃ ಲಂಡನ್ನಿನ ತನ್ನ ಪ್ರಯೋಗಶಾಲೆಗೆ ಬಂದನು. ಅದು ಚಿಕ್ಕ ಕೋಣೆ. ಮೇಜಿನ ಮೇಲೆ ಸೂಕ್ಷ್ಮಜೀವಿಗಳನ್ನು ಬೆಳೆಸಿದ ಗಾಜಿನ ತಟ್ಟೆಗಳು ಒಂದರ ಮೇಲೊಂದು ಪೇರಿಕೊಂಡಿರುತ್ತಿದ್ದವು. ಕೆಲಸ ಮುಗಿದ ತಟ್ಟೆಗಳನ್ನು ಅವನು ಒಡನೆಯೇ ತೊಳೆಯುತ್ತಿರಲಿಲ್ಲ. ಎರಡು ಮೂರು ವಾರ ಹಾಗೆಯೇ ಬಿಟ್ಟು, ಅವುಗಳಲ್ಲಿ ಹೊಸದೇನಾದರೂ ಕಂಡೀತೇ ಎಂದು ನೋಡಿದ ಬಳಿಕವೇ ತೊಳೆಯಲು ಹಾಕುತ್ತಿದ್ದನು. ನೀಟಾಗಿ ಕೆಲಸಮಾಡುತ್ತಿದ್ದ ಅವನ ಸಹಾಯಕ ಆಲಿಸನ್ನನಿಗೆ ಇದು ನಗೆಯ ವಿಷಯವಾಗಿದ್ದಿತು.

1921ನೆಯ ನವೆಂಬರಿನಲ್ಲಿ ಫ್ಲೆಮಿಂಗನಿಗೆ ನೆಗಡಿಯಾಯಿತು. ಅವನು ತನ್ನ ಮೂಗಿನ ಸಿಂಬಳವನ್ನೇ ಒಂದಿಷ್ಟು ತೆಗೆದು ತಟ್ಟೆಯೊಂದರಲ್ಲಿ ಹಾಕಿಟ್ಟಿದ್ದನು. ಕೆಲವು ದಿನಗಳ ಮೇಲೆ ಆ ತಟ್ಟೆಯ ತುಂಬ ಹಳದಿ ಬಣ್ಣದ ಸೂಕ್ಷ್ಮಜೀವಿಗಳು ಗುಂಪುಗುಂಪಾಗಿ ಬೆಳೆದಿದ್ದವು. ಆದರೆ ಸಿಂಬಳವಿದ್ದ ಕಡೆ ಒಂದೂ ಇರಲಿಲ್ಲ. ಅದರ ಸಮೀಪದಲ್ಲಿದ್ದ ಗುಂಪುಗಳು ಬಣ್ಣಗೆಟ್ಟು ಗಾಜಿನಂತೆ ಪಾರದರ್ಶಕವಾಗಿ ಕರಗಿದ್ದವು. ಬೇರೊಬ್ಬನಾಗಿದ್ದರೆ ತಟ್ಟೆ ಕೆಟ್ಟಿತೆಂದು ಎಸೆಯುತ್ತಿದ್ದನೇನೋ. ಫ್ಲೆಮಿಂಗ್ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತನು. ಅನಂತರ ಆ ಹಳದಿ ಸೂಕ್ಷ್ಮಜೀವಿಗಳನ್ನು ಪ್ರನಾಳದ ನೀರಿನಲ್ಲಿ ಕದಡಿದನು. ನೀರು ಹಾಲಿನಂತೆ ಮಸಕಾಯಿತು. ಅದಕ್ಕೆ ಒಂದಿಷ್ಟು ಸಿಂಬಳವನ್ನು ಬೆರೆಸಿದನು. ಎರಡು ನಿಮಿಷಗಳೊಳಗೆ ಆ ನೀರು ಸ್ಫಟಿಕದಂತೆ ತಿಳಿಯಾಯಿತು. ಜೀವಿಗಳು ಸತ್ತುದಷ್ಟೇ ಅಲ್ಲ, ಕರಗಿಯೇ ಹೋಗಿದ್ದವು.

ಮುಂದೆ ಕಣ್ಣೀರಿನ ಸರದಿ ಬಂದಿತು. ಒಂದು ತೊಟ್ಟು ಕಣ್ಣೀರೂ ಅದೇ ಕೆಲಸವನ್ನು ಮಾಡಿತು. ಪರೀಕ್ಷೆಗೆ ಬೇಕಾಗುವಷ್ಟು ಕಣ್ಣೀರನ್ನು ಎಲ್ಲಿಂದ ತರುವುದು? ಫ್ಲೆಮಿಂಗನೂ ಆಲಿಸನ್ನನೂ ನಿಂಬೆಯ ಸಿಪ್ಪೆಯನ್ನು ಕಣ್ಣಿನ ಬಳಿ ಹಿಂಡಿಕೊಂಡು ಅತ್ತರು. ಪ್ರಯೋಗಶಾಲೆಯನ್ನು ನೋಡಲು ಬಂದವರಿಗೂ ನಿಂಬೆಯ ಉಪಚಾರವಾಯಿತು. ಆಸ್ಪತ್ರೆಯ ಸೇವಕರಿಗೆ ಒಮ್ಮೆ ಕಣ್ಣೀರು ಕೊಟ್ಟರೆ ಮೂರು ಪೆನ್ನಿಯಂತೆ ಕೂಲಿ ಸಲ್ಲುತ್ತಿದ್ದಿತು. ದುಃಖವಿಲ್ಲದೆ ಸುರಿದ ಆ ಕಣ್ಣೀರಿನಿಂದ ವಿಜ್ಞಾನ ಒಂದು ಹೆಜ್ಜೆ ಮುಂದಿಟ್ಟಿತು. ಜೊಲ್ಲು, ರಕ್ತದ ದ್ರವಭಾಗ, ತಾಯಿಯ ಹಾಲು, ಬಿಳಿಯ ರಕ್ತಕಣಗಳು ಎಲ್ಲದರಲ್ಲಿಯೂ ಆ ಗುಣವಿದ್ದಿತು. ಎಲ್ಲಕ್ಕಿಂತ ಹೆಚ್ಚಾಗಿ ಕೋಳಿಮೊಟ್ಟೆಯ ಬಿಳಿಯಲ್ಲಿದ್ದಿತು. ಮರಿಯಾಗುವ ತನಕ ಮೊಟ್ಟೆ ಕೆಡದಂತೆ ಕಾಯುವ ಶಕ್ತಿಗಳಲ್ಲಿ ಇದೂ ಒಂದೆಂಬುದು ಸ್ಪಷ್ಟವಾಯಿತು. ಮೊಟ್ಟೆಯ ಬಿಳಿಯಲ್ಲಿರುವ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು ಮೂರೂವರೆ ಪಾಲು ಈ ವಸ್ತುವೇ ಎಂದು ಮುಂದೆ ತಿಳಿದುಬಂದಿತು. ಕಿಣ್ವದಂತೆ ವರ್ತಿಸಿ ಜೀವಿಗಳನ್ನು ಕರಗಿಸುವುದರಿಂದ ಅದಕ್ಕೆ ಲೈಸೊಜೈಮ್ ಎಂಬ ಹೆಸರನ್ನು ರೈಟ್ ಸೂಚಿಸಿದನು.

1921ರ ಡಿಸೆಂಬರಿನಲ್ಲಿ ಫ್ಲೆಮಿಂಗ್ ವೈದ್ಯ ಸಂಶೋಧಕರ ಕೂಟವೊಂದರಲ್ಲಿ ಈ ವಿಷಯವನ್ನು ಮಂಡಿಸಿದನು. ಅವನು ಒಳ್ಳೆಯ ಭಾಷಣಕಾರನಲ್ಲ. ತಗ್ಗಿದ ದನಿಯಲ್ಲಿ ಬರೆದುದನ್ನು ಓದಿ ಮುಗಿಸಿದನು. ಸಭಿಕರಲ್ಲಿ ಯಾರೊಬ್ಬರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಿದ್ವಾಂಸನಿಗೆ ಖಂಡನೆಗಿಂತ ಮೌನ ಹೆಚ್ಚು ಕಠಿನವಾದುದು. ಮರುವರ್ಷ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವನ ಲೇಖನ ಪ್ರಕಟವಾಯಿತು. ಆಗಲೂ ಹೆಚ್ಚಿನ ಗಮನ ಸಿಗಲಿಲ್ಲ. ಅದಕ್ಕೊಂದು ಕಾರಣವೂ ಇದ್ದಿತು. ಲೈಸೊಜೈಮ್ ಕರಗಿಸುತ್ತಿದ್ದುದು ಬಹುಮಟ್ಟಿಗೆ ನಿರುಪದ್ರವಿಯಾದ ಸೂಕ್ಷ್ಮಜೀವಿಗಳನ್ನು. ಘೋರ ರೋಗಗಳನ್ನು ತರುವ ರೋಗಾಣುಗಳ ಮೇಲೆ ಅದರ ಪ್ರಭಾವ ತೀರ ಕಡಿಮೆ. ಆದರೆ ಇದರಲ್ಲಿಯೂ ಫ್ಲೆಮಿಂಗ್ ಅರ್ಥವನ್ನು ಕಂಡನು. ಈ ಕಾವಲನ್ನು ದಾಟಬಲ್ಲ ಜೀವಿಗಳೇ ದೇಹವನ್ನು ಹೊಕ್ಕು ರೋಗವನ್ನುಂಟುಮಾಡುತ್ತವೆ. ದಾಟಲಾರದವು ಹೊಸ್ತಿಲಿನಲ್ಲಿಯೇ ನಾಶವಾಗುವುದರಿಂದ ನಮಗೆ ನಿರುಪದ್ರವಿಗಳಾಗಿ ತೋರುತ್ತವೆ ಎಂದು ಅವನು ತರ್ಕಿಸಿದನು. ಯಾರೂ ಮೆಚ್ಚದಿದ್ದರೂ ಆ ಕೆಲಸವನ್ನು ಅವನು ಕೈಬಿಡಲಿಲ್ಲ. ಆಲಿಸನ್ನನೊಡನೆ ಸೇರಿ ಇನ್ನೂ ಹಲವು ಲೇಖನಗಳನ್ನು ಬರೆದನು.

ಲೈಸೊಜೈಮ್ ಸೂಕ್ಷ್ಮಜೀವಿಯನ್ನು ಕರಗಿಸುವುದು ಹೇಗೆ ಎಂಬುದು ಆಗ ತಿಳಿದಿರಲಿಲ್ಲ, ಮುಂದೆ ತಿಳಿದುಬಂದಿತು. ಬ್ಯಾಕ್ಟೀರಿಯ ಎಂಬುದು ಒಂದೇ ಕೋಶದ ಜೀವಿ. ಅದರೊಳಗೆ ಲವಣಗಳೂ ಪ್ರೋಟೀನುಗಳೂ ಕಿಕ್ಕಿರಿದು ತುಂಬಿರುವುದರಿಂದ ಹೊರಗಿನ ನೀರು ಸದಾ ಒಳಕ್ಕೆ ನುಗ್ಗುತ್ತಿರುತ್ತದೆ. ಕೆಲವು ಬಗೆಯ ಬ್ಯಾಕ್ಟೀರಿಯಗಳ ಒಳಗಿನ ಒತ್ತಡ ಮೋಟಾರು ಕಾರಿನ ಚಕ್ರದೊಳಗಿನ ಗಾಳಿಯ ಒತ್ತಡವನ್ನು ಬಹಳವಾಗಿ ಮೀರಿಸುತ್ತದೆ. ಇಷ್ಟು ಒತ್ತಡವನ್ನು ತೆಳುವಾದ ಪೊರೆ ತಾಳಲಾರದು. ಅದಕ್ಕಾಗಿ ಪೊರೆಯ ಹೊರಗೆ ಗಟ್ಟಿಯಾದ ಕೋಶಭಿತ್ತಿಯೊಂದಿರುತ್ತದೆ. ಈ ಭಿತ್ತಿ ಮೀನುಗಾರನ ಬಲೆಯನ್ನು ಹೋಲುತ್ತದೆ. ಎರಡು ಬಗೆಯ ಸಕ್ಕರೆಯ ಅಣುಗಳು ಒಂದು ಬಿಟ್ಟು ಒಂದರಂತೆ ಮಣಿಗಳ ಹಾಗೆ ಪೋಣಿಸಿಕೊಂಡು ಉದ್ದನೆಯ ಸರಗಳಾಗುತ್ತವೆ. ಅಮೈನೋ ಆಮ್ಲಗಳ ಚಿಕ್ಕ ತುಂಡುಗಳು ಸರದಿಂದ ಸರಕ್ಕೆ ಅಡ್ಡಲಾಗಿ ಗಂಟು ಹಾಕಿ ಬಿಗಿಯುತ್ತವೆ. ಈ ನೇಯ್ಗೆಗೆ ಪೆಪ್ಟಿಡೋಗ್ಲೈಕನ್ ಎಂದು ಹೆಸರು. ಲೈಸೊಜೈಮ್ ಸಕ್ಕರೆಯ ಮಣಿಗಳ ನಡುವಣ ಕೊಂಡಿಯನ್ನು ಕತ್ತರಿಸುತ್ತದೆ. ಬಲೆ ಹರಿದೊಡನೆ ಒಳಗಿನ ಒತ್ತಡವನ್ನು ತಾಳಲಾರದೆ ಬ್ಯಾಕ್ಟೀರಿಯ ಒಡೆದುಹೋಗುತ್ತದೆ. ನಮ್ಮ ದೇಹದ ಕೋಶಗಳಿಗೆ ಇಂತಹ ಭಿತ್ತಿಯೇ ಇಲ್ಲ. ಆದುದರಿಂದ ಈ ಕತ್ತರಿ ನಮಗೆ ಏನನ್ನೂ ಮಾಡದು. ಬೂಲೋನಿನ ಆಸ್ಪತ್ರೆಯಲ್ಲಿ ಫ್ಲೆಮಿಂಗ್ ಹಂಬಲಿಸಿದ್ದುದು ಇಂತಹ ಅಸ್ತ್ರವನ್ನೇ. ಅದು ಇನ್ನಷ್ಟು ಬಲವಾಗಿರಬೇಕಾಗಿತ್ತು, ಅಷ್ಟೆ.

1928ನೆಯ ಇಸವಿ ಸೆಪ್ಟೆಂಬರ್ 3ರಂದು ರಜೆ ಮುಗಿಸಿಕೊಂಡು ಬಂದ ಫ್ಲೆಮಿಂಗ್ ಹಳೆಯ ತಟ್ಟೆಗಳನ್ನು ನೋಡುತ್ತಿದ್ದನು. ಕೀವು ತರಿಸುವ ಸ್ಟಫೈಲೊಕಾಕಸ್ ಎಂಬ ರೋಗಾಣು ಬೆಳೆದಿದ್ದ ಒಂದು ತಟ್ಟೆಗೆ ಗಾಳಿಯಿಂದ ಬಂದ ಬೂಷ್ಟು ಹಿಡಿದಿದ್ದಿತು. ಬೂಷ್ಟಿನ ಸುತ್ತಲೂ ರೋಗಾಣುಗಳ ಗುಂಪುಗಳು ಕರಗಿ ಪಾರದರ್ಶಕವಾಗಿದ್ದವು. ಏಳು ವರ್ಷಗಳ ಹಿಂದೆ ಸಿಂಬಳದ ಸುತ್ತಲೂ ಕಂಡಿದ್ದ ದೃಶ್ಯವೇ ಅದು. ಈ ಸಾರಿ ಕರಗಿದ್ದವುಗಳು ಮಾತ್ರ ನಿರುಪದ್ರವಿಗಳಾಗಿರಲಿಲ್ಲ. ಲೈಸೊಜೈಮಿನಿಂದ ಪಳಗಿದ್ದ ಕಣ್ಣು ಆ ತಟ್ಟೆಯ ಮಹತ್ತ್ವವನ್ನು ಥಟ್ಟನೆ ಗುರುತಿಸಿತು. ಬೂಷ್ಟು ಪೆನಿಸಿಲಿಯಮ್ ಕುಲಕ್ಕೆ ಸೇರಿದುದೆಂದು ತಿಳಿದುಬಂದಿತು. ಅದು ಸ್ರವಿಸುವ ವಸ್ತುವಿಗೆ ಫ್ಲೆಮಿಂಗ್ 1929ರಲ್ಲಿ ಪೆನಿಸಿಲಿನ್ ಎಂದು ಹೆಸರಿಟ್ಟನು. ಅದು ಬಿಳಿಯ ರಕ್ತಕಣಗಳಿಗೆ ಹಾನಿಮಾಡಲಿಲ್ಲ ಎಂಬುದನ್ನೂ ಪರೀಕ್ಷಿಸಿ ನೋಡಿದನು. ಹಿಂದಿನ ಕೂಟದಲ್ಲಿಯೇ ಈ ವಿಷಯವನ್ನೂ ಮಂಡಿಸಿದನು. ಆಗಲೂ ಸಭೆ ಮೌನವಾಗಿಯೇ ಇದ್ದಿತು.

ಪೆನಿಸಿಲಿನ್ನನ್ನು ಬೂಷ್ಟಿನ ರಸದಿಂದ ಬೇರ್ಪಡಿಸಲು ಕ್ರಾಡಕ್ ಮತ್ತು ರಿಡ್ಲೆ ಎಂಬ ಇಬ್ಬರು ತರುಣ ಸಹಾಯಕರು ಶ್ರಮಿಸಿದರು. ಆದರೆ ಅದು ಬಹು ಬೇಗ ಕೆಡುವ ವಸ್ತು. ನುರಿತ ರಸಾಯನವಿಜ್ಞಾನಿಗಳ ನೆರವು ಅವರಿಗೆ ಇರಲಿಲ್ಲ. ಫ್ಲೆಮಿಂಗ್ ಬೂಷ್ಟಿನ ತಳಿಯನ್ನು ಜೋಪಾನವಾಗಿ ಕಾಪಾಡಿ, ಕೇಳಿದ ಪ್ರಯೋಗಶಾಲೆಗಳಿಗೆ ಉಚಿತವಾಗಿ ಹಂಚಿದನು. ಅದಕ್ಕಿಂತ ಹೆಚ್ಚಿನದನ್ನು ಅವನಿಂದ ಮಾಡಲಾಗಲಿಲ್ಲ. ಇದನ್ನು ಮರೆಮಾಚಬೇಕಾದ ಅಗತ್ಯವಿಲ್ಲ. ಪ್ರತಿಭೆಗೂ ಎಲ್ಲೆಯುಂಟು, ಒಬ್ಬನು ನಿಂತ ಸ್ಥಳದಿಂದ ಮತ್ತೊಬ್ಬನು ಮುಂದೆ ನಡೆಯುವುದೇ ವಿಜ್ಞಾನದ ಕ್ರಮ.

ಆ ಮತ್ತೊಬ್ಬರು ದೊರೆತುದು ಲೈಸೊಜೈಮಿನ ದಾರಿಯಲ್ಲಿಯೇ ಎಂಬುದು ಗಮನಾರ್ಹವಾದುದು. ಆಸ್ಟ್ರೇಲಿಯದಲ್ಲಿ ಹುಟ್ಟಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕನಾಗಿದ್ದ ಹೊವಾರ್ಡ್ ಫ್ಲೋರಿ ಲೋಕವೆಲ್ಲ ಮರೆತಿದ್ದ ಲೈಸೊಜೈಮಿನಲ್ಲಿ ಆಸಕ್ತಿ ತಳೆದಿದ್ದನು. ನಾಜಿಗಳ ಹಿಂಸೆಗೆ ಹೆದರಿ ಜರ್ಮನಿಯನ್ನು ಬಿಟ್ಟುಬಂದ ಅರ್ನ್‌ಸ್ಟ್ ಚೈನ್ ಎಂಬ ಯಹೂದಿ ರಸಾಯನವಿಜ್ಞಾನಿ ಅವನ ಜೊತೆಗಾರನಾದನು. 1937ರಲ್ಲಿ ಆಕ್ಸ್‌ಫರ್ಡಿನಲ್ಲಿ ಲೈಸೊಜೈಮನ್ನು ಶುದ್ಧ ರೂಪದಲ್ಲಿ ಪಡೆಯಲಾಯಿತು. ಅದು ಕತ್ತರಿಸುವುದು ಸಕ್ಕರೆಯಂತಹ ಅಣುಗಳ ಸರವನ್ನು ಎಂಬುದನ್ನು ಚೈನನೂ ಅವನ ಸಂಗಡಿಗನೂ ತೋರಿಸಿದರು. ಇಂತಹ ಬೇರೆ ವಸ್ತುಗಳು ಯಾವುವಿರಬಹುದೆಂದು 1938ರಲ್ಲಿ ಹಳೆಯ ಪತ್ರಿಕೆಗಳನ್ನು ತಿರುವಿಹಾಕುತ್ತಿದ್ದಾಗ ಫ್ಲೆಮಿಂಗನ ಪೆನಿಸಿಲಿನ್ ಲೇಖನ ಚೈನನ ಕಣ್ಣಿಗೆ ಬಿದ್ದಿತು. ಹೀಗೆ ಕಣ್ಣೀರಿನ ಕಿಣ್ವವೇ ಬೂಷ್ಟಿನ ಔಷಧಕ್ಕೆ ದಾರಿ ತೋರಿಸಿತು.

1940ರ ಮೇ 25ರಂದು ಫ್ಲೋರಿ ಎಂಟು ಇಲಿಗಳಿಗೆ ಮಾರಕವಾದ ರೋಗಾಣುಗಳನ್ನು ಚುಚ್ಚಿದನು. ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟನು. ಬೆಳಗಾಗುವುದರೊಳಗೆ ಔಷಧವಿಲ್ಲದ ನಾಲ್ಕೂ ಸತ್ತಿದ್ದವು. ಔಷಧ ಪಡೆದವು ಬದುಕಿದ್ದವು. 1941ರಲ್ಲಿ ನಂಜೇರಿ ಸಾವಿನಂಚಿನಲ್ಲಿದ್ದ ಪೊಲೀಸನೊಬ್ಬನಿಗೆ ಆ ಔಷಧವನ್ನು ಕೊಟ್ಟಾಗ ಅವನು ಚೇತರಿಸಿಕೊಳ್ಳತೊಡಗಿದನು. ಆದರೆ ಔಷಧವೆಲ್ಲ ಮುಗಿದುಹೋಯಿತು. ಅವನ ಮೂತ್ರದಿಂದ ಪೆನಿಸಿಲಿನ್ನನ್ನು ಮರಳಿ ಸಂಗ್ರಹಿಸಿ ಕೊಟ್ಟರೂ ಸಾಲದೆ ಅವನು ತೀರಿಕೊಂಡನು. 1942ರಲ್ಲಿ ಫ್ಲೆಮಿಂಗನ ಪರಿಚಿತನೊಬ್ಬನು ಮಿದುಳಿನ ಪೊರೆಯ ಉರಿಯೂತದಿಂದ ಮರಣೋನ್ಮುಖನಾಗಿದ್ದನು. ಫ್ಲೆಮಿಂಗ್ ಫ್ಲೋರಿಯನ್ನು ಬೇಡಿದನು. ಫ್ಲೋರಿ ತನ್ನಲ್ಲಿದ್ದ ಪೆನಿಸಿಲಿನ್ನನ್ನು ಕೊಟ್ಟನು. ಫ್ಲೆಮಿಂಗ್ ಧೈರ್ಯಮಾಡಿ ಬೆನ್ನುಹುರಿಯ ಸುತ್ತಣ ದ್ರವಕ್ಕೆ ಅದನ್ನು ನೇರವಾಗಿ ಚುಚ್ಚಿದನು. ರೋಗಿ ಬದುಕಿದನು. ತಾನು ಹದಿನಾಲ್ಕು ವರ್ಷಗಳ ಹಿಂದೆ ಕಂಡ ವಸ್ತು ಮನುಷ್ಯನೊಬ್ಬನನ್ನು ಮೃತ್ಯುವಿನ ಬಾಯಿಂದ ಎಳೆದುತಂದುದನ್ನು ಫ್ಲೆಮಿಂಗ್ ಕಣ್ಣಾರೆ ಕಂಡನು. ಬಳಿಕ ಅಮೆರಿಕದ ಕಾರ್ಖಾನೆಗಳಲ್ಲಿ ಅದರ ಉತ್ಪಾದನೆ ಬೃಹತ್ ಪ್ರಮಾಣದಲ್ಲಿ ನಡೆಯಿತು. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಗಾಯಗೊಂಡ ಸೈನಿಕರು ಹಿಂದಿನಂತೆ ನಂಜಿಗೆ ಬಲಿಯಾಗಲಿಲ್ಲ.

ಪೆನಿಸಿಲಿನ್ ಕಿಣ್ವವಲ್ಲ. ಆದರೆ ಅದು ಹೊಡೆಯುವುದೂ ಕೋಶಭಿತ್ತಿಯನ್ನೇ. ಬ್ಯಾಕ್ಟೀರಿಯ ಬೆಳೆದು ಎರಡಾಗಬೇಕಾದರೆ ಅದರ ಭಿತ್ತಿಯೂ ಹಿಗ್ಗಬೇಕು. ಕಟ್ಟಿದ ಮನೆಗೆ ಹೊಸ ಕೋಣೆಯನ್ನು ಸೇರಿಸುವವರು ಹಳೆಯ ಗೋಡೆಯ ಕೆಲವು ಕಲ್ಲುಗಳನ್ನು ಕೀಳಬೇಕಾಗುತ್ತದೆ. ಕಿತ್ತ ಕಡೆ ಒಡನೆಯೇ ಹೊಸ ಕಲ್ಲನ್ನು ಕೂಡಿಸಬೇಕಾಗುತ್ತದೆ. ಅದೇ ರೀತಿ ಬ್ಯಾಕ್ಟೀರಿಯದಲ್ಲಿಯೇ ಕತ್ತರಿಸುವ ಕಿಣ್ವಗಳೂ ಇವೆ, ಗಂಟು ಹಾಕುವ ಕಿಣ್ವಗಳೂ ಇವೆ. ಇವೆರಡೂ ಹೊಂದಿಕೆಯಿಂದ ದುಡಿಯುತ್ತಿದ್ದರೆ ಜೀವಿ ಬೆಳೆಯುತ್ತದೆ. ಪೆನಿಸಿಲಿನ್ ಗಂಟು ಹಾಕುವ ಕಿಣ್ವಕ್ಕೆ ಅಂಟಿಕೊಂಡು ಅದರ ಕೈಯನ್ನು ಕಟ್ಟಿಹಾಕುತ್ತದೆ. ಕತ್ತರಿಸುವ ಕೆಲಸ ಮಾತ್ರ ನಡೆದೇ ಇರುತ್ತದೆ. ಕೊನೆಗೆ ಬ್ಯಾಕ್ಟೀರಿಯ ತನ್ನ ಕಿಣ್ವಗಳಿಂದಲೇ ತನ್ನ ಭಿತ್ತಿಯನ್ನು ಕೆಡವಿಕೊಂಡು ನಾಶವಾಗುತ್ತದೆ.

ಯಶಸ್ಸು ಬಂದೊಡನೆ ಪತ್ರಿಕೆಗಳು ಫ್ಲೆಮಿಂಗನನ್ನು ಹಾಡಿ ಹೊಗಳಿದವು. ಆಕ್ಸ್‌ಫರ್ಡಿನವರ ಶ್ರಮ ಸಾಮಾನ್ಯ ಜನರಿಗೆ ತಿಳಿಯದೆ ಹೋಯಿತು. ಅವರಿಗೆ ಅದರಿಂದ ನೋವೂ ಆಯಿತು. 1943ರಲ್ಲಿ ಅವನು ರಾಯಲ್ ಸೊಸೈಟಿಯ ಸದಸ್ಯನಾದನು. 1944ರಲ್ಲಿ ಸರ್ ಪದವಿಯನ್ನು ಪಡೆದನು. 1945ರ ನೊಬೆಲ್ ಬಹುಮಾನವನ್ನು ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ಹಂಚಿದುದು ನ್ಯಾಯವಾಗಿದ್ದಿತು. ಪೆನಿಸಿಲಿನ್ನಿನಿಂದ ಫ್ಲೆಮಿಂಗ್ ಧನಿಕನಾಗಲಿಲ್ಲ. ಅದರ ಮೇಲೆ ಅವನು ಹಕ್ಕು ಸ್ಥಾಪಿಸಿರಲಿಲ್ಲ. ಆ ವಸ್ತುವನ್ನು ಮಾಡಿದುದು ಪ್ರಕೃತಿ, ತಾನು ಅದನ್ನು ಕಂಡವನು ಮಾತ್ರ ಎಂದು ಅವನು ಭಾವಿಸಿದ್ದನು.

ನೊಬೆಲ್ ಬಹುಮಾನದ ಸಂದರ್ಭದಲ್ಲಿ ಮಾಡಿದ ಉಪನ್ಯಾಸದಲ್ಲಿ ಅವನು ಹಿಗ್ಗಿನ ಮಾತುಗಳ ಜೊತೆಗೆ ಎಚ್ಚರಿಕೆಯನ್ನೂ ಇತ್ತನು. ಪೆನಿಸಿಲಿನ್ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಕಾಲ ಬಂದರೆ ತಿಳಿಯದವರು ಅದನ್ನು ಸಾಲದಷ್ಟು ಪ್ರಮಾಣದಲ್ಲಿ ಸೇವಿಸಿಯಾರು; ಆಗ ರೋಗಾಣುಗಳು ಸಾಯದೆ ಔಷಧವನ್ನೇ ಎದುರಿಸಿ ನಿಲ್ಲಲು ಕಲಿತಾವು; ಅಂತಹ ರೋಗಾಣುಗಳು ಬೇರೆಯವರಿಗೂ ಹರಡಿಯಾವು ಎಂಬುದು ಅವನ ಆತಂಕವಾಗಿದ್ದಿತು. ಆ ಆತಂಕ ನಿಜವಾಯಿತು. ಪೆನಿಸಿಲಿನ್ನನ್ನು ಒಡೆದುಹಾಕುವ ಕಿಣ್ವಗಳುಳ್ಳ ರೋಗಾಣುಗಳು ಹೆಚ್ಚಿದವು. ಇಂದು ಲೋಕದ ವೈದ್ಯರನ್ನು ಕಾಡುತ್ತಿರುವ ದೊಡ್ಡ ಸಮಸ್ಯೆಗಳಲ್ಲಿ ಇದೂ ಒಂದು. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಪ್ರಮಾಣದಲ್ಲಿ ಔಷಧವನ್ನು ಸೇವಿಸುವುದು ನಮ್ಮ ಹಿತಕ್ಕಾಗಿ ಮಾತ್ರವಲ್ಲ, ನೆರೆಯವರ ಹಿತಕ್ಕಾಗಿಯೂ ಹೌದು.

1949ರಲ್ಲಿ ಪತ್ನಿ ಸಾರಾ ತೀರಿಕೊಂಡಳು. 1953ರಲ್ಲಿ ಗ್ರೀಸ್ ದೇಶದ ಸೂಕ್ಷ್ಮಜೀವಿವಿಜ್ಞಾನಿ ಅಮೇಲಿಯಾ ಎಂಬಾಕೆಯನ್ನು ಫ್ಲೆಮಿಂಗ್ ಮದುವೆಯಾದನು. 1955ರ ಮಾರ್ಚ್ 11ರಂದು ಲಂಡನ್ನಿನ ತನ್ನ ಮನೆಯಲ್ಲಿ ಹೃದಯಾಘಾತದಿಂದ ನಿಧನಹೊಂದಿದನು. ರಾಷ್ಟ್ರದ ಮಹಾಪುರುಷರಿಗೆ ಮೀಸಲಾದ ಸೇಂಟ್ ಪಾಲ್ಸ್ ಮಹಾಮಂದಿರದಲ್ಲಿ ಅವನ ಅವಶೇಷಗಳನ್ನು ಇರಿಸಲಾಯಿತು.

ಅವನು ಕಂಡ ಕಿಣ್ವದ ಕಥೆ ಅವನೊಡನೆ ಮುಗಿಯಲಿಲ್ಲ. 1965ರಲ್ಲಿ ಡೇವಿಡ್ ಫಿಲಿಪ್ಸ್ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ ಕ್ಷಕಿರಣಗಳ ನೆರವಿನಿಂದ ಮೊಟ್ಟೆಯ ಲೈಸೊಜೈಮಿನ ಆಕಾರವನ್ನು ಬಿಡಿಸಿ ತೋರಿಸಿದರು. ಕಿಣ್ವವೊಂದರ ಪೂರ್ಣ ಆಕಾರ ಮನುಷ್ಯನಿಗೆ ತಿಳಿದುದು ಅದೇ ಮೊದಲು. 129 ಅಮೈನೋ ಆಮ್ಲಗಳ ಆ ಅಣುವಿನ ಮೈಯಲ್ಲಿ ಒಂದು ಸೀಳಿದೆ. ಸಕ್ಕರೆಯ ಸರ ಅದರೊಳಗೆ ಕುಳಿತು ತುಂಡಾಗುತ್ತದೆ. ನಮ್ಮ ದೇಶದಲ್ಲಿಯೂ ಈ ವಿಷಯದ ಸಂಶೋಧನೆ ನಡೆದಿದೆ. ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಮಂಜುಳಾ ರೆಡ್ಡಿಯವರೂ ಅವರ ಸಂಗಡಿಗರೂ 2012ರಲ್ಲಿ ಕರುಳಿನ ಬ್ಯಾಕ್ಟೀರಿಯವೊಂದರಲ್ಲಿ ಭಿತ್ತಿಯ ಅಡ್ಡಗಂಟುಗಳನ್ನು ಕತ್ತರಿಸುವ ಮೂರು ಕಿಣ್ವಗಳನ್ನು ಗುರುತಿಸಿದರು. ಆ ಮೂರೂ ಇಲ್ಲವಾದರೆ ಭಿತ್ತಿ ಹಿಗ್ಗಲಾರದು, ಜೀವಿ ಉಳಿಯಲಾರದು ಎಂದು ತೋರಿಸಿದರು. ಈ ಕಾರ್ಯಕ್ಕಾಗಿ ಅವರಿಗೆ 2019ರ ಇನ್ಫೋಸಿಸ್ ಬಹುಮಾನ ಸಂದಿತು. ಕೆಡವುವುದು ಕಟ್ಟುವುದಕ್ಕೆ ವಿರುದ್ಧವಲ್ಲ, ಕಟ್ಟುವ ಕೆಲಸದ ಒಂದು ಅಂಗ ಎಂಬುದು ಇದರಿಂದ ಸ್ಥಿರಪಟ್ಟಿತು. ಹಳೆಯ ಔಷಧಗಳಿಗೆ ಬಗ್ಗದ ರೋಗಾಣುಗಳ ಭಿತ್ತಿಯನ್ನು ಒಡೆಯುವ ಹೊಸ ಕಿಣ್ವಗಳಿಗಾಗಿಯೂ ಹುಡುಕಾಟ ನಡೆದಿದೆ.

ಫ್ಲೆಮಿಂಗನ ಭಾಗ್ಯವನ್ನು ಕುರಿತು ಮಾತನಾಡುವವರು ಅನೇಕರು. ಆಕಸ್ಮಿಕವಾಗಿ ಬೂಷ್ಟು ಬಿದ್ದಿತು, ಪೆನಿಸಿಲಿನ್ ದೊರೆಯಿತು ಎನ್ನುತ್ತಾರೆ. ಬೂಷ್ಟು ಎಲ್ಲರ ಮನೆಯಲ್ಲಿಯೂ ಬೀಳುತ್ತದೆ. ನೆಗಡಿ ಎಲ್ಲರಿಗೂ ಬರುತ್ತದೆ. ಮುಖ ಸಿಂಡರಿಸದೆ, ಆತುರಪಡದೆ, ಯಾರೂ ಮೆಚ್ಚದಿದ್ದರೂ ಬೇಸರಿಸದೆ ನೋಡಿದುದು ಫ್ಲೆಮಿಂಗನ ಹೆಚ್ಚುಗಾರಿಕೆ. ಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಎಬ್ಬಿಸದ ಆ ಚಿಕ್ಕ ಶೋಧನೆಯೇ ಅವನ ಕಣ್ಣನ್ನು ಪಳಗಿಸಿತು. ಫ್ಲೋರಿ ಮತ್ತು ಚೈನರನ್ನು ಅವನ ಬಾಗಿಲಿಗೆ ಕರೆತಂದಿತು. ಲಕ್ಷಾಂತರ ಜನರ ಪ್ರಾಣವನ್ನು ಉಳಿಸಿತು. ನಾವು ಅಳುವಾಗಲೂ ನಗುವಾಗಲೂ ಆ ಪುಟ್ಟ ಕಿಣ್ವ ನಮ್ಮ ಕಣ್ಣಿನ ಹೊಸ್ತಿಲಿನಲ್ಲಿ ಸದ್ದಿಲ್ಲದೆ ತನ್ನ ಕೆಲಸವನ್ನು ಮಾಡುತ್ತಲೇ ಇದೆ.